ನೈಜೀರಿಯಾ ಮಾಸ್ತರರ ಹೆಂಡತಿ

ಏಲಿಯಾಸ್ ಮಾಸ್ತರರಿಗೆ ಗಣಿತ ಬರುತ್ತಿರಲಿಲ್ಲ. ಈ ಸಂಗತಿ ಅವರ ಹೆಂಡತಿ ರಾಹೇಲಿಗೆ ತಿಳಿದದ್ದು ಮದುವೆಯಾದ ಮೂರನೆಯ ವಾರ. ಮಾಸ್ತರರು ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಕಂದು ಕಾಗದದ ಹೊದಿಕೆ ಹಾಕಿದ ಒಂದು ಗೈಡು ತೊಡೆಯ ಕೆಳಗೆ ಅರ್ಧ ಅಡಗಿತ್ತು. ಒಬ್ಬ ಹುಡುಗ ಲೆಕ್ಕವನ್ನು ಬೇರೆ ದಾರಿಯಲ್ಲಿ, ಚೆಂದವಾಗಿ, ನಾಲ್ಕೇ ಸಾಲಿನಲ್ಲಿ ಮುಗಿಸಿದ್ದ. ಮಾಸ್ತರರು ಅದರ ಮೇಲೆ ಕೆಂಪು ಗೆರೆ ಎಳೆದರು. ಕಾಫಿ ತಂದಿದ್ದ ರಾಹೇಲ್ ಬಗ್ಗಿ ನೋಡಿದಳು.

"ಅಚ್ಚಾಯ, ಅದು ಸರಿ ಉಂಟಲ್ಲ?"

"ಸರಿ ಇರಬಹುದು," ಅಂದರು ಮಾಸ್ತರರು. "ಆದ್ರೆ ಇದ್ರಲ್ಲಿ ಇಲ್ಲ."

ಅವತ್ತು ರಾಹೇಲಿಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಗೌರವ ಬೇಕಾಗುತ್ತದೆ. ಅವಳಿಗೆ ಬಂದದ್ದು ತಾತ್ಸಾರ, ಮತ್ತು ಅದು ಮುಂದೆ ಅವಳನ್ನು ಬಿಟ್ಟು ಹೋಗಲೇ ಇಲ್ಲ.

ರಾಹೇಲ್ ಇಚಿಲಂಪಾಡಿಯ ಪತ್ರೋಸನ ಮಗಳು. ಅಪ್ಪ ಕೇರಳದಿಂದ ಬಂದು ಗುಡ್ಡ ಕಡಿದು, ಮೊದಲು ಮರಗೆಣಸು, ಆಮೇಲೆ ರಬ್ಬರು ಹಾಕಿದವನು. ಮಗಳು ಪುತ್ತೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮಾಡಿದಳು, ಮಂಗಳೂರಿನಲ್ಲಿ ಬಿ.ಎಡ್. ಮುಗಿಸಿದಳು. ೧೯೭೧ರಲ್ಲಿ ಕಡಬದ ಹತ್ತಿರದ ಏಲಿಯಾಸ್ ಮಾಸ್ತರರ ಜತೆ ಮದುವೆಯಾಗಿ, ಅವರಿದ್ದ ಹೈಸ್ಕೂಲಿಗೇ ಟೀಚರಾಗಿ ಸೇರಿದಳು. ಸರ್ವೋತ್ತಮ ಶೆಟ್ಟರು ಎಂಬ ಜಮೀನುದಾರರು ನಡೆಸುತ್ತಿದ್ದ ಶಾಲೆ ಅದು. ಸಂಬಳ ಸರಕಾರದ್ದು, ದರ್ಬಾರು ಶೆಟ್ಟರದ್ದು.

ಊರಿನವರಿಗೆ ಏಲಿಯಾಸ್ ಮಾಸ್ತರರೆಂದರೆ ಪ್ರಾಣ. ಆರಡಿ ಎತ್ತರ, ಬೆಳ್ಳಗಿನ ಅಂಗಿ, ಗಡಸು ದನಿ, ಮಧ್ಯೆ ಮಧ್ಯೆ ಇಂಗ್ಲಿಷು. ಕಡಬ ಪೇಟೆಯಲ್ಲಿ ಅವರು ನಡೆದು ಬಂದರೆ ಜೀನಸು ಅಂಗಡಿಯ ಅದ್ದು ಸಾಹೇಬರು ತಕ್ಕಡಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಹಾಗೆ ಎದ್ದು ನಿಲ್ಲುವವರಿಗೆ ಗಣಿತ ಗೊತ್ತಿರಬೇಕೆಂದೇನೂ ಇರಲಿಲ್ಲ.

ಅವರ ಕೀರ್ತಿಯ ಗುಟ್ಟು ಇನ್‌ಸ್ಪೆಕ್ಷನ್ನಿನಲ್ಲಿತ್ತು. ಇನ್‌ಸ್ಪೆಕ್ಟರು ಬರುವ ಎರಡು ವಾರ ಮೊದಲೇ ಮಾಸ್ತರರು ಮಕ್ಕಳಿಗೆ ತಾಲೀಮು ಕೊಡುತ್ತಿದ್ದರು. ಪ್ರಶ್ನೆ ಕೇಳಿದ ಕೂಡಲೇ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದಿನ ಬೆಂಚಿನಲ್ಲಿ ಕೂತ ಇನ್‌ಸ್ಪೆಕ್ಟರಿಗೆ ಕಾಣುವುದು ನಲವತ್ತು ಕೈ. ಮಾಸ್ತರರು ಬಲಗೈಯ ಒಬ್ಬನನ್ನು ಆರಿಸಿ ಎಬ್ಬಿಸುವುದು, ಅವನು ಪಟಪಟ ಹೇಳಿ ಕೂರುವುದು. ವರ್ಷವೂ ರಿಪೋರ್ಟಿನಲ್ಲಿ 'ಅತ್ಯುತ್ತಮ'. ಇನ್‌ಸ್ಪೆಕ್ಟರು ಹೋದ ಮೇಲೆ ಎಡಗೈ ಎತ್ತಿದವರು ಎಡಗೈಯವರಾಗಿಯೇ ಉಳಿಯುತ್ತಿದ್ದರು. ಅವರಿಗೆ ಕಲಿಸುವುದು ಯಾರ ಕೆಲಸವೂ ಆಗಿರಲಿಲ್ಲ.

೧೯೭೭ರಲ್ಲಿ ನೈಜೀರಿಯಾ ದೇಶಕ್ಕೆ ಮಾಸ್ತರುಗಳು ಬೇಕೆಂದು ಪೇಪರಿನಲ್ಲಿ ಬಂತು. ಇಬ್ಬರೂ ಬೊಂಬಾಯಿಗೆ ಇಂಟರ್‌ವ್ಯೂಗೆ ಹೋದರು. ರಾಹೇಲಿಗೆ ಹತ್ತು ಪ್ರಶ್ನೆ ಕೇಳಿ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದರು. ಮಾಸ್ತರರಿಗೆ ಒಂದೇ ಪ್ರಶ್ನೆ, ನಿಮ್ಮ ಬಗ್ಗೆ ಹೇಳಿ ಎಂದು. ಅವರು ಶಿಸ್ತಿನ ಕುರಿತು ಇಪ್ಪತ್ತು ನಿಮಿಷ ಮಾತಾಡಿದರು. ಆರಿಸಿದ್ದು ರಾಹೇಲನ್ನು, ಗಂಡನನ್ನು ಬಿಟ್ಟು ಹೆಂಡತಿಯನ್ನು ಕರೆಯುವುದು ಹೇಗೆಂದು ಅವರನ್ನೂ ಸೇರಿಸಿದರು. ಆದರೆ ಕರಾರು ಪತ್ರದಲ್ಲಿ ಮಾಸ್ತರರ ಹೆಸರು ಮೇಲೆ ಬಂತು, ರಾಹೇಲಿನದು ಕೆಳಗೆ 'ಪತ್ನಿ' ಎಂದು. ಊರಿಗೆ ಅಷ್ಟು ಸಾಕಾಯಿತು. ಚರ್ಚಿನ ಹಾಲಿನಲ್ಲಿ ಮಾಸ್ತರರಿಗೆ ಹಾರ, ಶಾಲು, ಭಾಷಣ. ರಾಹೇಲಿಗೆ, "ಗಂಡನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕು ಮಗಾ," ಎಂಬ ಬುದ್ಧಿಮಾತು. ಶೆಟ್ಟರು ಇಬ್ಬರಿಗೂ ಐದು ವರ್ಷದ ಸಂಬಳವಿಲ್ಲದ ರಜೆ ಕೊಟ್ಟರು.

ಹೊರಡುವಾಗ ಮಾಸ್ತರರ ತಾಯಿ ಅಚ್ಚಾಮ್ಮ ಒಂದು ಡಬ್ಬಿ ಕೊಡಂಪುಳಿ ಕಟ್ಟಿಕೊಟ್ಟಿದ್ದರು, ಮೀನುಸಾರಿಗೆ ಹಾಕುವ, ಹೊಗೆಯಲ್ಲಿ ಒಣಗಿಸಿದ ಕಪ್ಪು ಹುಳಿ. ನೈಜೀರಿಯಾದ ಕಾನೋ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಡಬ್ಬಿ ತೆರೆದು ಮೂಸಿ, ಇದೇನು ಎಂದು ಗದರಿದ. ಮಾಸ್ತರರು ಆ ಹುಳಿಯಿಲ್ಲದೆ ಒಂದು ತುತ್ತೂ ಎತ್ತುವವರಲ್ಲ. ಆದರೂ ಎರಡು ಹೆಜ್ಜೆ ಹಿಂದೆ ಸರಿದು, "ಅದು ಅವಳದ್ದು," ಎಂದು ಹೆಂಡತಿಯನ್ನು ತೋರಿಸಿದರು. ರಾಹೇಲ್ ಆ ಅಧಿಕಾರಿಯ ಎದುರೇ ಒಂದು ಚೂರು ಬಾಯಿಗೆ ಹಾಕಿ ಜಗಿದು, ಹುಳಿಗೆ ಮುಖ ಕಿವುಚಿದಳು. ಅವನು ನಕ್ಕು ಬಿಟ್ಟುಬಿಟ್ಟ.

ಕಾನೋದಿಂದ ಎರಡು ಗಂಟೆ ದೂರದ ಒಂದು ಸಣ್ಣ ಪಟ್ಟಣದ ಹೆಣ್ಣುಮಕ್ಕಳ ಶಾಲೆ ಅವರದಾಯಿತು. ತಗಡಿನ ಮಾಡಿನ ಮನೆ, ಬೇಸಗೆಯಲ್ಲಿ ಒಲೆ, ಚಳಿಗಾಲದಲ್ಲಿ ಮರುಭೂಮಿಯಿಂದ ಬರುವ ಧೂಳು. ಮುಸುಕು ಹಾಕಿ ಮಲಗಿದರೂ ಬೆಳಿಗ್ಗೆ ಹಲ್ಲಿನ ಸಂದಿಯಲ್ಲಿ ಮಣ್ಣು. ಅಕ್ಕಪಕ್ಕದ ಮನೆಗಳಲ್ಲಿ ಮಲಯಾಳಿ ಮೇಷ್ಟ್ರುಗಳು. ಸಂಜೆ ಒಟ್ಟುಗೂಡಿ ಬೂತಾಯಿ ಮೀನಿನ ನೆನಪು ಮಾಡಿಕೊಂಡು ನಿಟ್ಟುಸಿರು ಬಿಡುವುದು, ಆ ದೇಶದವರನ್ನು ಬೈಯುವುದು, ಇವೆರಡೇ ಅವರ ಮನರಂಜನೆ. ಅನ್ನ ಕೊಟ್ಟ ಊರನ್ನು ಬೈಯುವುದರಲ್ಲಿ ಏಲಿಯಾಸ್ ಮಾಸ್ತರರು ಎಲ್ಲರಿಗಿಂತ ಮುಂದೆ. ನೆರೆಮನೆಯವರಿಗೆ ತಿಳಿಯಬಾರದೆಂದು ಗಂಡ ಹೆಂಡಿರು ಜಗಳವನ್ನು ಮಾತ್ರ ಕನ್ನಡದಲ್ಲಿ ಆಡುತ್ತಿದ್ದರು. ಹಾಗಾಗಿ ರಾಹೇಲಿನ ಕನ್ನಡ ನೈಜೀರಿಯಾದಲ್ಲಿ ಚೆನ್ನಾಗಿ ಬೆಳೆಯಿತು.

ಮಾಸ್ತರರು ಒಂದು ಹಳೆಯ ಫೋಕ್ಸ್‌ವ್ಯಾಗನ್ ಕಾರು ಕೊಂಡರು. ಒಂದು ಶನಿವಾರ ಪೇಟೆಯಿಂದ ಬರುವಾಗ ಸುತ್ತು ದಾರಿ ಹಿಡಿಯಲು ಸೋಮಾರಿತನಪಟ್ಟು, ಬತ್ತಿದ ಹೊಳೆಯ ಮರಳಿಗೇ ಕಾರು ಇಳಿಸಿದರು. ನಾಲ್ಕು ಚಕ್ರವೂ ಹೂತವು. ಮಾಸ್ತರರು ಇಳಿಯಲಿಲ್ಲ, ಸ್ಟೇರಿಂಗು ಹಿಡಿಯುವವರು ಒಬ್ಬರು ಬೇಕಲ್ಲ! ರಾಹೇಲ್ ಸೀರೆ ಎತ್ತಿ ಕಟ್ಟಿ, ದಾರಿಯಲ್ಲಿ ಬಂದ ಒಬ್ಬ ಒಂಟೆಯವನ ಜತೆ ಸೇರಿ ಹಿಂದಿನಿಂದ ನೂಕಿದಳು. ಮಾಸ್ತರರು ಕಿಟಕಿಯಿಂದ ತಲೆ ಹೊರಹಾಕಿ, "ಜೋರು ನೂಕು! ಎಡಬದಿಗೆ! ನಿನಗೆ ಎಂತ ಹೇಳಿದ್ರೂ ಅರ್ಥ ಆಗುದಿಲ್ಲ," ಎಂದು ಕೂಗುತ್ತಿದ್ದರು. ಮುಂದೆ ಊರಿನಲ್ಲಿ ಇದೇ ಕಥೆ 'ಮರುಭೂಮಿಯಲ್ಲಿ ನಾನು ಕಾರು ಬಿಡಿಸಿದ್ದು' ಎಂದಾಯಿತು. ಕಥೆಯಲ್ಲಿ ಒಂಟೆ ಮಾತ್ರ ಉಳಿದಿತ್ತು.

ಆದರೆ ರಾಹೇಲ್ ಅಲ್ಲಿ ಸುಖವಾಗಿದ್ದಳು. ಅದಕ್ಕೆ ಕಾರಣ ಒಂದು ತರಗತಿ. ಮೂರನೆಯ ಫಾರ್ಮಿನಲ್ಲಿ (ಅಲ್ಲಿ ತರಗತಿಗೆ ಫಾರ್ಮ್ ಎನ್ನುವುದು) ಅವಳ ಕೈಗೆ ಸಿಕ್ಕ ಇಪ್ಪತ್ತಾರು ಹುಡುಗಿಯರು. ೧೯೮೦ರ ಮೇ ತಿಂಗಳಲ್ಲಿ ಅವರು ಐದನೆಯ ಫಾರ್ಮಿನ ದೊಡ್ಡ ಪರೀಕ್ಷೆಗೆ ಕೂರಬೇಕು. ಆ ಶಾಲೆಯಿಂದ ಅಷ್ಟರವರೆಗೆ ಗಣಿತದಲ್ಲಿ ಒಬ್ಬಳೂ ಪಾಸಾಗಿರಲಿಲ್ಲ. ಟೈಂಟೇಬಲಿನಲ್ಲಿ ಗಣಿತ ಮಾಸ್ತರರದು, ವಿಜ್ಞಾನ ರಾಹೇಲಿನದು. ಮಾಸ್ತರರು ಬೆಳಿಗ್ಗೆ ಗೈಡು ನೋಡಿ ಬೋರ್ಡು ತುಂಬಿಸಿ ಹೋಗುತ್ತಿದ್ದರು. ಸಂಜೆ ನಾಲ್ಕಕ್ಕೆ ಹುಡುಗಿಯರು ಅದೇ ನೋಟುಬುಕ್ಕು ಹಿಡಿದು ರಾಹೇಲಿನ ಮುಂದೆ ಬರುತ್ತಿದ್ದರು. ಅವಳು ಮೊದಲಿನಿಂದ ಹೇಳಿಕೊಡುವಳು. ಲಾದಿ ಎಂಬ ಹುಡುಗಿ ಕಡಲೆಕಾಯಿ ಗದ್ದೆಯಿಂದ ಓಡಿ ಬಂದು, ಬೆರಳ ತುದಿಯ ಮಣ್ಣಿನಿಂದಲೇ ಸಿಮೆಂಟು ನೆಲದ ಮೇಲೆ ತ್ರಿಕೋನ ಬರೆಯುತ್ತಿದ್ದಳು. ಅರ್ಥವಾದ ಕ್ಷಣ ಅವಳು ನಗುವುದನ್ನು ನೋಡಿದ ದಿನ ರಾಹೇಲಿಗೆ ತಾನು ನಿಜವಾಗಿ ಟೀಚರು ಅನ್ನಿಸಿತು. ಮಕ್ಕಳಾಗಿಲ್ಲವೆಂದು ಊರಿನವರು ಕೊಂಕು ಮಾತಾಡುತ್ತಿದ್ದದ್ದೂ ಆ ಸಂಜೆಗಳಲ್ಲಿ ಮರೆತುಹೋಗುತ್ತಿತ್ತು. ಅವಳಿಗೆ ಬೇಕಾದದ್ದು ಒಂದೇ: ಈ ಹುಡುಗಿಯರನ್ನು ಪರೀಕ್ಷೆಯ ಕೋಣೆಯ ತನಕ ಮುಟ್ಟಿಸುವುದು.

ಆ ವರ್ಷ ಫೆಬ್ರವರಿಯಲ್ಲಿ ಮಾಸ್ತರರಿಗೆ ವೈಸ್ ಪ್ರಿನ್ಸಿಪಾಲ್ ಆಗುವ ಹುಚ್ಚು ಹಿಡಿಯಿತು. ತರಗತಿ ನೋಡಲು ಮಾಲಂ ಗರ್ಬಾ ಎಂಬ ಇನ್‌ಸ್ಪೆಕ್ಟರು ಬರುವುದಿತ್ತು. ಬಿಳಿ ಗಡ್ಡದ, ಮೆಲುದನಿಯ ವೃದ್ಧರು. ಮಾಸ್ತರರು ಕಡಬದ ವಿದ್ಯೆಯನ್ನು ಹೊರತೆಗೆದರು.

ಹುಡುಗಿಯರು ಅಳುಮುಖ ಮಾಡಿಕೊಂಡು ರಾಹೇಲಿನ ಬಳಿ ಬಂದರು. "ಮೇಡಂ, ಮಾಲಂ ಅವರ ಎದುರು ಎಡಗೈ ಎತ್ತಬೇಕಂತೆ. ನಮ್ಮಿಂದ ಆಗುವುದಿಲ್ಲ." ಆ ಊರಿನಲ್ಲಿ ಹಿರಿಯರಿಗೆ ಎಡಗೈ ತೋರಿಸುವುದೇ ತಪ್ಪು, ಐದು ಬೆರಳು ಅಗಲಿಸಿ ಮುಖಕ್ಕೆ ಹಿಡಿದರಂತೂ ಅವರ ತಾಯಿಗೇ ಬೈದ ಹಾಗೆ.

ರಾಹೇಲ್ ಗಂಡನಿಗೆ ಹೇಳಿದಳು. "ಅಚ್ಚಾಯ, ಎಡಗೈದು ಬೇಡ. ಇಲ್ಲಿ ಅದು ದೊಡ್ಡ ಅವಮಾನ."

"ನಮ್ಮಲ್ಲೂ ಎಡಗೈಯಲ್ಲಿ ಬಡಿಸುದಿಲ್ಲ. ಆದ್ರೂ ನಮ್ಮ ಇನ್‌ಸ್ಪೆಕ್ಟ್ರು ಎಂತ ಬರೆದ್ರು? ಎಕ್ಸೆಲೆಂಟ್ ಬರೆದ್ರು. ನೀನು ನನಗೆ ಕಲಿಸ್ಲಿಕ್ಕೆ ಬರುದು ಬೇಡ."

ಆಮೇಲೆ ರಾಹೇಲ್ ಹುಡುಗಿಯರಿಗೆ, ಗೊತ್ತಿದ್ದರೆ ಬಲಗೈ ಎತ್ತಿ, ಇಲ್ಲದಿದ್ದರೆ ಕೈ ಕಟ್ಟಿ ಕೂರಿ, ಅಂದಳು.

ಇನ್‌ಸ್ಪೆಕ್ಷನ್ನಿನ ದಿನ ಅವಳು ಎದುರು ಕೋಣೆಯ ಜಗಲಿಯಲ್ಲಿ ನಿಂತಿದ್ದಳು. ಮಾಲಂ ಗರ್ಬಾ ಹಿಂದಿನ ಬೆಂಚಿನಲ್ಲಿ ಕೂತರು. ಮಾಸ್ತರರು ಪ್ರಶ್ನೆ ಕೇಳಿದರು. ಒಂಬತ್ತು ಬಲಗೈ ಮೇಲೆದ್ದವು. ಉಳಿದ ಹದಿನೇಳು ಮಂದಿ ಕೈ ಕಟ್ಟಿ ನೆಲ ನೋಡಿದರು. ಮಾಸ್ತರರ ಮುಖ ಕೆಂಪಾಯಿತು. ಕಣ್ಣು ಬಿಟ್ಟು ನೋಡಿದರು; ಯಾರೂ ಅಲ್ಲಾಡಲಿಲ್ಲ. ಮರೆತಿದ್ದಾರೇನೋ ಎಂದು ನೆನಪಿಸಲು ತಮ್ಮದೇ ಎಡಗೈ ಮೇಲೆತ್ತಿದರು. ಐದು ಬೆರಳನ್ನೂ ಅಗಲಿಸಿ, ಮುಂದಕ್ಕೆ ಚಾಚಿ, "ಹೀಗೆ, ಹೀಗೆ!" ಎಂದು ಜೋರಾಗಿ ಅಲ್ಲಾಡಿಸಿದರು. ಹುಡುಗಿಯರ ತಲೆಯ ಮೇಲಿಂದ ಆ ಕೈ ನೇರ ಮಾಲಂ ಅವರ ಮುಖಕ್ಕಿತ್ತು.

ಲಾದಿ ಡೆಸ್ಕಿಗೆ ಹಣೆ ಹಚ್ಚಿಬಿಟ್ಟಳು. ವೃದ್ಧರು ಎದ್ದರು, ನಿಲುವಂಗಿ ಸರಿ ಮಾಡಿಕೊಂಡರು, ಹೊರಗೆ ನಡೆದರು. ಮಾಸ್ತರರು ಇನ್ನೂ ಕೈ ಇಳಿಸಿರಲಿಲ್ಲ.

ಹಾಜಿಯಾ ಎಂದು ಎಲ್ಲರೂ ಕರೆಯುತ್ತಿದ್ದ ಪ್ರಿನ್ಸಿಪಾಲರು ಒಳ್ಳೆಯವರು. ಮಾಸ್ತರರನ್ನು ಕರೆದು, "ಪರದೇಶದವರು, ತಿಳಿಯದೆ ಆಯಿತು. ಅವರ ಮನೆಗೆ ಹೋಗಿ, ಚಪ್ಪಲಿ ಕಳಚಿ, ಚಾಪೆಯ ಮೇಲೆ ಕೂತು ತಪ್ಪಾಯಿತು ಎನ್ನಿ. ಅಲ್ಲಿಗೆ ಮುಗಿಯುತ್ತದೆ," ಅಂದರು. ಹತ್ತು ನಿಮಿಷದ ಕೆಲಸ. ಮಾಸ್ತರರಿಗೆ ಅದು ಪರ್ವತವಾಯಿತು.

"ಆ ಮುದುಕನ ಎದುರು ನಾನು ನೆಲದಲ್ಲಿ ಕೂರುದಾ? ನನಗೆ ಊರುಂಟು, ರಬ್ಬರುಂಟು, ಕೆಲಸ ಉಂಟು. ನಾವು ಹೋಗುವ," ಎಂದು ಮನೆಗೆ ಬಂದವರೇ ರಾಜೀನಾಮೆ ಬರೆದರು. ತಮ್ಮದು ಬರೆದು, ಅದೇ ಕೈಯಲ್ಲಿ ರಾಹೇಲಿನದೂ ಬರೆದರು. "ಸಹಿ ಹಾಕು."

"ನಾನು ಹಾಕುದಿಲ್ಲ."

"ಎಂತ?"

"ಮಕ್ಕಳಿಗೆ ಮೇಯಲ್ಲಿ ಪರೀಕ್ಷೆ. ನೀವು ಹೋಗಿ. ನಾನು ಮುಗಿಸಿ ಬರ್ತೇನೆ."

"ಊರಿನವ್ರು ಎಂತ ಹೇಳಿಯಾರು, ಗೊತ್ತುಂಟಾ? ಗಂಡನನ್ನು ಕಳಿಸಿ ಹೆಂಡತಿ ಇಲ್ಲಿ ಒಬ್ಬಳೇ!"

"ಊರಿನವ್ರಿಗೆ ನೀವು ದೊಡ್ಡ ಮಾಸ್ಟ್ರು ಅಂತಲೂ ಉಂಟು. ಅವ್ರು ಹೇಳುದಕ್ಕೆಲ್ಲ ಬೆಲೆ ಎಷ್ಟು ಅಂತ ನನಗೆ ಗೊತ್ತಿಲ್ವಾ?"

ಮಾಸ್ತರರು ಮೂರು ದಿನ ಉಪವಾಸ ಮಾಡಿದರು, ಅಂದರೆ ರಾಹೇಲಿನ ಎದುರು ಮಾಡಿದರು. ಊಟ ನೆರೆಮನೆಯಲ್ಲಿ ಆಗುತ್ತಿತ್ತು. ಅವಳು ಜಗ್ಗಲಿಲ್ಲ. ಮಾರ್ಚಿನಲ್ಲಿ ಅವರು ಒಬ್ಬರೇ ವಿಮಾನ ಹತ್ತಿದರು.

ಮರುದಿನವೇ ರಾಹೇಲ್ ಮಾಲಂ ಗರ್ಬಾ ಅವರ ಮನೆಗೆ ಹೋದಳು. ಗಂಡ ಹೊರಟು ಹೋದ ಮೇಲೆ ಅವಳ ಕರಾರೂ ನಿಲ್ಲುವಂತಿರಲಿಲ್ಲ. ಉಳಿಯಬೇಕಾದರೆ ಅವರ ಮಾತು ಬೇಕಿತ್ತು. ಹೆಬ್ಬಾಗಿಲ ಕೋಣೆಯಲ್ಲಿ, ಚಾಪೆಯ ಮೇಲೆ, ತಲೆಗೆ ಸೆರಗು ಹೊದ್ದು ಕೂತು ಗಂಡನ ಪರವಾಗಿ ಕ್ಷಮೆ ಕೇಳಿದಳು.

"ಅವರೇ ಯಾಕೆ ಬರಲಿಲ್ಲ?" ಎಂದರು ವೃದ್ಧರು.

"ಅವರಿಗೆ ನಾಚಿಕೆಯಾಗಿತ್ತು," ಎಂದು ರಾಹೇಲ್ ಸುಳ್ಳು ಹೇಳಿದಳು.

"ನಾಚಿಕೆಯಾದವನು ಬರುತ್ತಿದ್ದ," ಅಂದರು ಅವರು. ಆಮೇಲೆ, "ನನ್ನ ಮೊಮ್ಮಗಳು ನಿನ್ನ ತರಗತಿಯಲ್ಲಿದ್ದಾಳೆ. ಸಂಜೆ ಗಣಿತ ಕಲಿಸುವವಳು ನೀನು ಎಂದು ಅವಳು ಹೇಳಿದ್ದಾಳೆ. ಇರು," ಅಂದರು.

ಅಲ್ಲಿಂದ ಪರೀಕ್ಷೆಯವರೆಗೆ ರಾಹೇಲ್ ಬೆಳಗಿನಿಂದ ಸಂಜೆಯ ತನಕ ಕಲಿಸಿದಳು. ನಡುವೆ ಇಬ್ಬರು ಹುಡುಗಿಯರ ಮದುವೆಯಾಯಿತು. ಮನೆಗೆ ಹೋಗಿ ಬೇಡಿಕೊಂಡರೂ ತಂದೆಯರು ಕೇಳಲಿಲ್ಲ. ಉಳಿದ ಇಪ್ಪತ್ತನಾಲ್ಕು ಮಂದಿ ಪರೀಕ್ಷೆಗೆ ಕೂತರು. ಜೂನ್ ಅಂತ್ಯಕ್ಕೆ ಕೊನೆಯ ಪೇಪರು ಮುಗಿಯಿತು, ಅದೇ ವಾರ ಅವಳು ಊರಿಗೆ ಹೊರಟಳು.

ಜುಲೈಯ ಮಳೆಯಲ್ಲಿ ಬಸ್ಸಿಳಿದು ಮನೆಗೆ ಬಂದರೆ, ಊರಿನಲ್ಲಿ ಕಥೆ ಆಗಲೇ ಹಣ್ಣಾಗಿತ್ತು. ಏಲಿಯಾಸ್ ಮಾಸ್ತರರು ಈಗ ನೈಜೀರಿಯಾ ಮಾಸ್ತರರು. ಅವರನ್ನು ಪ್ರಿನ್ಸಿಪಾಲ್ ಮಾಡುತ್ತೇವೆಂದು ಅಲ್ಲಿಯವರು ಕಾಲು ಹಿಡಿದರಂತೆ. ತಾಯಿಯ ಆರೋಗ್ಯಕ್ಕಾಗಿ ಎಲ್ಲ ಬಿಟ್ಟು ಬಂದರಂತೆ. ಹೆಂಡತಿಗೆ ಮಾತ್ರ ಸಂಬಳದ ಆಸೆ ಬಿಡಲಿಲ್ಲವಂತೆ. ಅಚ್ಚಾಮ್ಮನ ಆರೋಗ್ಯ ಎಷ್ಟು ಕೆಟ್ಟಿತ್ತೆಂದರೆ, ಸೊಸೆಯ ಪೆಟ್ಟಿಗೆಯನ್ನು ತಾವೇ ಎತ್ತಿ ಒಳಗೆ ತಂದು ಬಿಚ್ಚಿ ನೋಡಿದರು. ಒಳಗೆ ಇದ್ದದ್ದು ನೋಟುಬುಕ್ಕು, ಹುಡುಗಿಯರು ನೇಯ್ದ ಒಂದು ಚಾಪೆ. "ಇಷ್ಟೇಯಾ?" ಅಂದರು ಅಚ್ಚಾಮ್ಮ.

ಸೋಮವಾರ ರಾಹೇಲ್ ಕೆಲಸಕ್ಕೆ ಸೇರಲು ಶಾಲೆಗೆ ಹೋದಳು. ಅವಳ ತರಗತಿಯಲ್ಲಿ ಮಾಸ್ತರರ ತಂಗಿ ಮರಿಯಕುಟ್ಟಿ ಕೂತು ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಉಲ್ಲನ್ ಹೆಣೆಯುತ್ತಿದ್ದಳು. ಆಫೀಸಿನಲ್ಲಿ ಸರ್ವೋತ್ತಮ ಶೆಟ್ಟರು ಒಂದು ಕಾಗದ ಮುಂದಿಟ್ಟರು.

"ನೀವು ರಾಜೀನಾಮೆ ಕೊಟ್ಟಿದ್ದೀರಲ್ಲ ಟೀಚರೇ. ಮಾಸ್ಟ್ರು ಮಾರ್ಚಲ್ಲೇ ತಂದುಕೊಟ್ರು."

ರಾಹೇಲ್ ನೋಡಿದಳು. ನೈಜೀರಿಯಾದಲ್ಲಿ ಅವಳು ಹಾಕದ ಸಹಿಯನ್ನು ಇಲ್ಲಿಯ ರಾಜೀನಾಮೆಗೆ ಗಂಡ ತಾವೇ ಹಾಕಿದ್ದರು. ಮಾಸ್ತರರನ್ನು ಕರೆಸಿದರು. ಅವರು ಬಾಗಿಲಲ್ಲೇ ನಿಂತರು.

"ಇದು ನನ್ನ ಸಹಿ ಅಲ್ಲ," ಅಂದಳು ರಾಹೇಲ್.

ಶೆಟ್ಟರು ಕಿಟಕಿಯ ಕಡೆ ನೋಡುತ್ತ, "ಮನೆ ವಿಷಯ ಟೀಚರೇ. ಮನೆಯಲ್ಲೇ ಮುಗಿಸಿಕೊಂಡ್ರೆ ಒಳ್ಳೇದು. ಊರಲ್ಲಿ ಮಾಸ್ಟ್ರಿಗೆ ಒಂದು ಹೆಸ್ರುಂಟು," ಅಂದರು.

"ನಿನ್ನ ಒಳ್ಳೇದಕ್ಕೇ ಮಾಡಿದ್ದು ರಾಹೇಲ್," ಎಂದರು ಮಾಸ್ತರರು. ಗಡಸು ದನಿ ಎಲ್ಲಿ ಹೋಗಿತ್ತೋ. "ನೀನು ಅಲ್ಲೇ ಇರ್ತಿ ಅಂತ ಎಣಿಸಿದೆ."

"ನಿಮ್ಮ ಹೆಸರಿಗೋಸ್ಕರ ನಾನು ಆ ಮುದುಕರ ಎದುರು ಚಾಪೆಯಲ್ಲಿ ಕೂತು ಬಂದಿದ್ದೇನೆ ಅಚ್ಚಾಯ. ಒಂದು ಸಲ ಸಾಕು. ಇವತ್ತು ಸಂಜೆಯೊಳಗೆ ಈ ಕಾಗದ ಹರಿದು ನನ್ನನ್ನು ಸೇರಿಸಿಕೊಳ್ಳದಿದ್ರೆ, ನಾಳೆ ಮೊದಲ ಬಸ್ಸಿಗೆ ಪುತ್ತೂರಿಗೆ ಹೋಗಿ ಶಿಕ್ಷಣ ಇಲಾಖೆಯ ದೊಡ್ಡ ಆಫೀಸಲ್ಲಿ ದೂರು ಕೊಡ್ತೇನೆ. ಶೆಟ್ಟ್ರೇ, ಅಲ್ಲಿ ನಿಮ್ಮನ್ನೂ ಕರೆಸ್ತಾರೆ."

ಸಂಜೆಯವರೆಗೆ ಕಾಯಬೇಕಾಗಲಿಲ್ಲ. ಶೆಟ್ಟರು ಕಾಗದ ಹರಿಯುವ ಶಬ್ದ ಜಗಲಿಗೂ ಕೇಳಿಸಿತು. ಮರಿಯಕುಟ್ಟಿ ಉಲ್ಲನ್ ಚೀಲ ಹೆಗಲಿಗೇರಿಸಿ, ಅತ್ತಿಗೆಯ ಕೈ ಹಿಡಿದು, "ಬದುಕಿದೆ ಚೇಚಿ, ಆ ಮಕ್ಕಳು ಎಂತದ್ದೋ ಕೇಳ್ತವೆ," ಎಂದು ಮನೆಗೆ ಹೋದಳು. ಆ ಮನೆತನದಲ್ಲಿ ತನಗೆ ಏನು ಬಾರದು ಎಂಬುದು ಗೊತ್ತಿದ್ದವಳು ಅವಳೊಬ್ಬಳೇ.

ರಾಹೇಲ್ ಗಂಡನ ಮನೆಯಲ್ಲೇ ಉಳಿದಳು. ಅಡುಗೆ ಮಾಡಿದಳು, ಬಡಿಸಿದಳು, ಮಾತು ಬೇಕಾದಷ್ಟೇ. ಮಾಸ್ತರರು ಎರಡು ವಾರ ತಲೆತಗ್ಗಿಸಿದ್ದರು. ಆದರೆ ಅವರ ಕಥೆ ಕೇಳುವವರು ಊರಿನಲ್ಲಿ ಇದ್ದೇ ಇದ್ದರು. ಮೂರನೆಯ ವಾರ ತಲೆ ತಾನಾಗಿ ಮೇಲೆ ಬಂತು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಪೋಸ್ಟ್‌ಮ್ಯಾನ್ ಚನಿಯಪ್ಪ ಸ್ಟಾಫ್ ರೂಮಿಗೆ ಬಂದು ರಾಹೇಲಿಗೆ ಒಂದು ವಿಮಾನದ ಕಾಗದ ಕೊಟ್ಟ. ಲಾದಿಯ ಅಕ್ಷರ. ಇಪ್ಪತ್ತನಾಲ್ವರಲ್ಲಿ ಹತ್ತೊಂಬತ್ತು ಮಂದಿ ಗಣಿತದಲ್ಲಿ ಪಾಸು. ಕೆಳಗೆ ಒಬ್ಬೊಬ್ಬಳ ಹೆಸರು, ಅಂಕ. ರಾಹೇಲ್ ಎರಡು ಸಲ ಓದಿದಳು. ಕಣ್ಣು ಒರೆಸಿಕೊಂಡಳು, ಮೂರನೆಯ ಸಲ ಓದಿದಳು.

ಮಾಸ್ತರರು ಆಗ ಹೊಸದಾಗಿ ಸೇರಿದ್ದ ಇಬ್ಬರು ಟೀಚರುಗಳಿಗೆ ಒಂಟೆಯ ಕಥೆ ಹೇಳುತ್ತಿದ್ದರು. ಸ್ಟಾಂಪು ಕಂಡದ್ದೇ ಎದ್ದು ಬಂದು, ಎಲ್ಲರಿಗೂ ಕೇಳುವಂತೆ ಕೈ ಚಾಚಿದರು. "ನಮ್ಮ ಮಕ್ಕಳ ರಿಸಲ್ಟಾ? ಕೊಡು ಕೊಡು. ಎರಡೂವರೆ ವರ್ಷ ನಾನೇ ಗಣಿತ ತೆಗೊಂಡ ಕ್ಲಾಸು ಮಾರಾಯ್ರೆ. ಎಷ್ಟು ಜನ ಪಾಸು?"

ರಾಹೇಲ್ ಕಾಗದ ಮಡಚಿದಳು. "ಕೊಡ್ತೇನೆ. ಅದ್ರಲ್ಲಿ ಒಬ್ಬಳ ಹೆಸ್ರು ಹೇಳಿ."

"ಎಂತ?"

"ಇಪ್ಪತ್ತಾರು ಜನ ಇದ್ರು. ಯಾರದ್ದಾದ್ರೂ ಅಡ್ಡಿಯಿಲ್ಲ. ಒಂದು ಹೆಸ್ರು."

ಮಾಸ್ತರರು ನಕ್ಕರು. ಯಾರೂ ಜತೆಗೆ ನಗಲಿಲ್ಲ. ಹೊಸ ಟೀಚರುಗಳು ಬಾಯಿ ಬಿಟ್ಟು ಕಾಯುತ್ತಿದ್ದರು. ಮಾಸ್ತರರು ಮಾಡು ನೋಡಿದರು.

"ಆ... ಅವಳು ಇದ್ದಳಲ್ಲ, ಎದುರು ಬೆಂಚಲ್ಲಿ... ಕನ್ನಡಕ ಹಾಕಿಕೊಂಡು..."

"ಆ ಕ್ಲಾಸಲ್ಲಿ ಯಾರಿಗೂ ಕನ್ನಡಕ ಇರ್ಲಿಲ್ಲ," ಎಂದು ಹೇಳಿ, ಕಾಗದವನ್ನು ಹಾಜರಿ ಪುಸ್ತಕದೊಳಗಿಟ್ಟು, ರಾಹೇಲ್ ಒಂಬತ್ತನೆಯ ತರಗತಿಗೆ ಹೋದಳು.